ರಜೆ ದಿನದ ಮಾತು: ಬಾಗಿಲು ತೆರೆದೇ ಉಂಟು, ಹೊರಗೆ ನಿಂತದ್ದು ನಾವು



ಸೆಪ್ಟೆಂಬರ್ 15 ಕಳೆಯಿತು. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅನ್ನುವ ಬೇಸಿಗೆಯ ನಿಯಮ ಈ ವರ್ಷದ ಮಟ್ಟಿಗೆ ಮುಗಿಯಿತು. ಸಂಜೆ ಕ್ಯಾಂಪಿನ ಹೊರಗೆ ಕುರ್ಚಿ ಹಾಕಿ ಕೂರುವಷ್ಟು ಗಾಳಿ ಬರುತ್ತಿದೆ. ಮೂರು ತಿಂಗಳು ರಜೆ ದಿನ ಅಂದರೆ ಎಸಿ, ಮೊಬೈಲು, ನಿದ್ದೆ, ಬಟ್ಟೆ ಒಗೆಯೋದು, ಇಷ್ಟೇ ಆಗಿತ್ತು. ಇನ್ನು ಸ್ವಲ್ಪ ಹೊರಗೆ ಕಾಲಿಡಬಹುದು.

ಪ್ರತಿ ವರ್ಷ ಈ ಹೊತ್ತಿಗೆ ನಾವು ಪಾರ್ಕು, ಬೀಚು, ಕಡಿಮೆ ಖರ್ಚಿನ ಊಟದ ಜಾಗ ಅಂತ ಬರೆಯುತ್ತಿದ್ದೆವು. ಈ ಸಲ ಬೇರೆ ವಿಷಯ. ಹೋದ ತಿಂಗಳು ರಜೆ ಮುಗಿಸಿ ಬಂದ ಒಬ್ಬ ಅಣ್ಣ ನಮ್ಮ ಜೊತೆ ಕೂತು ಸುಲೈಮಾನಿ ಕುಡಿಯುತ್ತಾ ಒಂದು ಮಾತು ಹೇಳಿದರು. ಅದು ತಲೆಯಿಂದ ಹೋಗುತ್ತಲೇ ಇಲ್ಲ. ಹಾಗಾಗಿ ಅದನ್ನೇ ಬರೆಯುತ್ತೇವೆ.

ನೂರು ಸಲ ದಾಟಿದ ಗೇಟು

ಆ ಅಣ್ಣ ಬಂಟ್ವಾಳದ ಕಡೆಯವರು. ಇಲ್ಲಿ ಪೇಂಟರ್ ಆಗಿ ಹತ್ತೊಂಬತ್ತು ವರ್ಷ. ಇಲ್ಲಿಗೆ ಬರುವ ಮೊದಲೂ ಅದೇ ಕೆಲಸ, ಮಂಗಳೂರಿನ ಹಂಪನಕಟ್ಟೆ, ಜ್ಯೋತಿ, ಬಲ್ಮಠ ಸುತ್ತಮುತ್ತ ದಿನಗೂಲಿಗೆ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಗೇಟನ್ನು ದಾಟಿ ಎಷ್ಟು ಸಲ ನಡೆದಿದ್ದಾರೋ ಲೆಕ್ಕ ಇಲ್ಲ. ಒಳಗೆ ಒಂದು ಚಾಪೆಲ್ ಉಂಟು, ಗೋಡೆ ತುಂಬ ಚಿತ್ರ ಉಂಟು ಅಂತ ಕೇಳಿದ್ದರು. ಆದರೆ ಹೋಗಿರಲಿಲ್ಲ.

ಈ ಸಲ ರಜೆಯಲ್ಲಿ ಊರಿಗೆ ಹೋದಾಗ, ಮಂಗಳೂರಿನಲ್ಲಿ ಡಿಗ್ರಿ ಓದುತ್ತಿರುವ ಮಗಳು, "ಅಪ್ಪ, ಒಂದು ಜಾಗ ತೋರಿಸ್ತೇನೆ, ಬನ್ನಿ" ಅಂತ ಕರೆದುಕೊಂಡು ಹೋದಳಂತೆ. ಗೇಟಿನ ಹತ್ತಿರ ಇವರ ಕಾಲು ತನ್ನಷ್ಟಕ್ಕೇ ನಿಂತಿತು. "ನಮ್ಮನ್ನೆಲ್ಲ ಬಿಡ್ತಾರಾ?" ಅಂತ ಕೇಳಿದರು. ಮಗಳು ನಕ್ಕಳು. ಯಾರೂ ತಡೆಯಲಿಲ್ಲ, ಜಾತಿ ಧರ್ಮ ಕೇಳಲಿಲ್ಲ. ಮೌನವಾಗಿರಿ ಅಂತ ಮಾತ್ರ ಹೇಳಿದರು.

ನಮಗೆ ಅವರು ಹೇಳಿದ್ದು ಹೀಗೆ: "ಒಳಗೆ ಬರಬೇಡ ಅಂತ ನನಗೆ ಯಾರೂ ಯಾವತ್ತೂ ಹೇಳಿರ್ಲಿಲ್ಲ ಮಾರಾಯ್ರೆ. ನನಗೆ ನಾನೇ ಹೇಳಿಕೊಂಡದ್ದು. ಇಪ್ಪತ್ತೈದು ವರ್ಷ."

ಗುಡ್ಡೆಯ ಮೇಲಿನ ಚಾಪೆಲ್

ಕರಾವಳಿಯವರಿಗೆ ಬಾವುಟಗುಡ್ಡೆ ಗೊತ್ತು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಕಂಪೆನಿ ಸರ್ಕಾರದ ವಿರುದ್ಧ ದಂಗೆ ಎದ್ದು ಇಲ್ಲಿ ಬಾವುಟ ಹಾರಿಸಿದ್ದರಿಂದ ಬಂದ ಹೆಸರು ಅದು. ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್ ಅನ್ನುತ್ತಾರೆ. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಕೊನೆಗೆ ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಾಲೇಜು ಶುರುವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಈ ಚಾಪೆಲ್ ಎದ್ದಿತು. ಆಗ ಗೋಡೆಗಳು ಖಾಲಿ ಇದ್ದವು.

ಆ ಗೋಡೆಗಳಿಗೆ ಬಣ್ಣ ಬಂದದ್ದು 1899ರಿಂದ 1901ರ ನಡುವೆ. ಬರೆದವರು ಆಂಟೋನಿಯೊ ಮೊಸ್ಕೇನಿ. ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಾಮೊ ಊರಿನ ಹತ್ತಿರ. ಚಿತ್ರಕಲೆ ಕಲಿತು, ಆಮೇಲೆ ಜೆಸ್ವಿಟ್ ಸಭೆ ಸೇರಿದವರು. ಪಾದ್ರಿ ಅಲ್ಲ, ಬ್ರದರ್. ಅಂದರೆ ಪೂಜೆ ಪ್ರವಚನ ನಡೆಸುವವರಲ್ಲ, ಕೈಕೆಲಸದಿಂದ ಸೇವೆ ಮಾಡುವವರು. 1898ರಲ್ಲಿ ಮಂಗಳೂರಿಗೆ ಬಂದರು.

ಅವರ ಕೆಲಸದ ಬಗೆ ನಮ್ಮಲ್ಲಿ ಗಾರೆ, ಪೇಂಟಿಂಗ್ ಮಾಡುವವರಿಗೆ ಚೆನ್ನಾಗಿ ಅರ್ಥವಾದೀತು. ಫ್ರೆಸ್ಕೋ ಅಂದರೆ ಒಣಗಿದ ಗೋಡೆಗೆ ಹೊಡೆಯುವ ಬಣ್ಣ ಅಲ್ಲ. ಸುಣ್ಣದ ಗಾರೆ ಹಸಿಯಾಗಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಇವತ್ತು ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಹಾಕಬೇಕು. ತಪ್ಪಿದರೆ ಅಳಿಸಲಿಕ್ಕೆ ಬರುವುದಿಲ್ಲ, ಕಿತ್ತು ಮತ್ತೆ ಗಾರೆ ಹಾಕಬೇಕು. ಇದನ್ನು ಎತ್ತರದ ಮಾಡಿನ ಒಳಮೈಗೆ, ತಲೆ ಹಿಂದಕ್ಕೆ ಬಾಗಿಸಿ, ಕೈ ಮೇಲಕ್ಕೆ ಎತ್ತಿ ಮಾಡಬೇಕು. ಅದೂ ಕರಾವಳಿಯ ಸೆಕೆಯಲ್ಲಿ. ಗೋಡೆಯ ಕೆಲವು ಚಿತ್ರಗಳನ್ನು ಮಾತ್ರ ಕ್ಯಾನ್ವಾಸಿನ ಮೇಲೆ ಬರೆದು ಕೂರಿಸಿದ್ದಾರೆ.

ಮಾಡಿನಲ್ಲಿ ಇರುವುದು ಚಾಪೆಲ್‌ಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಸಾಗನ ಕಥೆ. ದೊಡ್ಡ ಜಹಗೀರಿನ ಮನೆಯ ಹಿರಿಮಗ. ಆಸ್ತಿ, ಪಟ್ಟ ಎಲ್ಲ ತಮ್ಮನಿಗೆ ಬಿಟ್ಟು ಸನ್ಯಾಸಕ್ಕೆ ಹೋದವನು. ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳ ಆರೈಕೆಗೆ ಇಳಿದು, ತಾನೇ ಆ ರೋಗಕ್ಕೆ ಸಿಕ್ಕಿ 1591ರ ಜೂನ್ 21ರಂದು ತೀರಿಕೊಂಡ. ವಯಸ್ಸು ಬರೀ 23. 2020ರಲ್ಲಿ ನಾವಿಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಜ್ವರ ಬಂದ ರೂಮ್‌ಮೇಟಿನ ಬಾಗಿಲಿಗೆ ಗಂಜಿ ಇಟ್ಟು ಬಂದವರು ನಮ್ಮಲ್ಲೇ ಇದ್ದಾರೆ. ಅಂಥವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣ ಹಾಕಿದ ಮೇಲೆ ನೂರು ಮಳೆಗಾಲ ಸುಮ್ಮನೆ ಬಿಡುತ್ತದಾ? ಕರಾವಳಿಯ ತೇವ ಗೋಡೆಗೆ ಇಳಿದು ಚಿತ್ರಗಳು ಹಾಳಾಗುತ್ತಾ ಬಂದವು. 1991ರಿಂದ 94ರವರೆಗೆ ಇಂಟಾಕ್ ಸಂಸ್ಥೆಯ ತಜ್ಞರು ಕೂತು ಅವುಗಳನ್ನು ಸರಿಪಡಿಸಿದರು. ಇವತ್ತು ನಾವು ನೋಡುವುದರಲ್ಲಿ ಮೊಸ್ಕೇನಿಯ ಕೈಯೂ ಉಂಟು, ರಿಪೇರಿ ಮಾಡಿದವರ ಕೈಯೂ ಉಂಟು.

ಮೊಸ್ಕೇನಿ ಇಲ್ಲಿಗೇ ಕೆಲಸ ನಿಲ್ಲಿಸಲಿಲ್ಲ. ಮುಂದೆ ಮುಂಬಯಿಯ ಹೋಲಿ ನೇಮ್ ಇಗರ್ಜಿಯಲ್ಲೂ ಬರೆದರು. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ವಯಸ್ಸು 51. ವಾಪಸು ತಮ್ಮ ಊರಿಗೆ ಹೋಗಲೇ ಇಲ್ಲ.

ಇದನ್ನು ಹೇಳುವಾಗ ನಮ್ಮ ಅಣ್ಣ ಸ್ವಲ್ಪ ಹೊತ್ತು ಸುಮ್ಮನಾದರು. "ಅವರೂ ಸಮುದ್ರ ದಾಟಿ ಕೆಲಸಕ್ಕೆ ಬಂದವರೇ ಅಲ್ಲವಾ" ಅಂದರು. ಹೌದು. ನಾವು ಮಂಗಳೂರಿಂದ ಈ ಕಡೆಗೆ ಬಂದವರು, ಅವರು ಆ ಕಡೆಯಿಂದ ಮಂಗಳೂರಿಗೆ ಬಂದವರು. ನಮಗೆ ಎರಡು ವರ್ಷಕ್ಕೊಮ್ಮೆಯಾದರೂ ಟಿಕೆಟ್ ಉಂಟು.

ಮಗಳು ಕೇಳಿದ ಪ್ರಶ್ನೆ

ಅಣ್ಣ ಕತ್ತೆತ್ತಿ ಮಾಡನ್ನೇ ನೋಡುತ್ತಾ ನಿಂತಿದ್ದರಂತೆ. ಚಿತ್ರದಲ್ಲಿ ಯಾರಿದ್ದಾರೆ ಅಂತ ಅಲ್ಲ, ಸ್ಕ್ಯಾಫೋಲ್ಡಿಂಗ್ ಎಲ್ಲಿ ಕಟ್ಟಿರಬಹುದು, ಮೂಲೆಯ ಗೆರೆಯನ್ನು ಹೇಗೆ ತಂದರು, ಯಾವ ಕಡೆಯಿಂದ ಶುರು ಮಾಡಿದರು ಅಂತ. ಕೈ ಮೇಲೆ ಮಾಡಿ ಮಗಳಿಗೆ ತೋರಿಸಿದರು: ಇಲ್ಲಿ ನಿಂತು, ಹೀಗೆ ಬಾಗಿ, ಹೀಗೆ ಬ್ರಷ್ ಎಳೀಬೇಕು, ಸಂಜೆ ಕುತ್ತಿಗೆ ತಿರುಗೋದಿಲ್ಲ.

ಮಗಳು ಅವರನ್ನೇ ನೋಡಿ, "ಅಪ್ಪ, ಅಲ್ಲಿ ನೀವು ಇಷ್ಟು ಎತ್ತರದಲ್ಲಾ ಕೆಲಸ ಮಾಡೋದು?" ಅಂತ ಕೇಳಿದಳು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಮಗಳಿಗೆ ಗೊತ್ತಿದ್ದದ್ದು ತಿಂಗಳ ಮೊದಲ ವಾರದಲ್ಲಿ ಬರುವ ಹಣ, ಶುಕ್ರವಾರದ ವಿಡಿಯೋ ಕಾಲ್, ರಜೆಯಲ್ಲಿ ಬರುವ ಪೆಟ್ಟಿಗೆ. ಕೆಲಸ ಹೇಗೆ ಅಂತ ಕೇಳಿದರೆ "ಒಳ್ಳೇದುಂಟು" ಅಂತಲೇ ಇವರ ಉತ್ತರ. ನಾವೆಲ್ಲರೂ ಹಾಗೇ ಹೇಳುವುದಲ್ಲವಾ? ಮನೆಯವರು ಗಾಬರಿ ಆಗಬಾರದು ಅಂತ ಎತ್ತರ ಹೇಳುವುದಿಲ್ಲ, ಬಿಸಿಲು ಹೇಳುವುದಿಲ್ಲ. ಹಾಗೆ ಹೇಳದೆ ಹೇಳದೆ ಮಕ್ಕಳಿಗೆ ನಮ್ಮ ಕೆಲಸವೇ ಗೊತ್ತಿಲ್ಲದಂತೆ ಆಗಿದೆ.

ಅವತ್ತು ಚಾಪೆಲ್‌ನ ಹೊರಗೆ ಮೆಟ್ಟಿಲ ಮೇಲೆ ಕೂತು ಅಪ್ಪ ಮಗಳು ಒಂದು ಗಂಟೆ ಮಾತಾಡಿದರಂತೆ. ಯಾವ ಕಟ್ಟಡ, ಎಷ್ಟು ಮಹಡಿ, ಬೆಲ್ಟ್ ಹೇಗೆ ಕಟ್ಟುತ್ತಾರೆ, ಹೆದರಿಕೆ ಆಗುವುದಿಲ್ಲವಾ. "ನನ್ನ ಮಗಳಿಗೆ ನಾನು ಯಾರು ಅಂತ ಅವತ್ತು ಗೊತ್ತಾಯ್ತು" ಅಂದರು ಅಣ್ಣ. ನಮ್ಮ ತಲೆಯಿಂದ ಹೋಗದ ಮಾತು ಇದೇ.

ಇಲ್ಲಿಯ ಬಾಗಿಲುಗಳು

ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನಾವು ಉತ್ತರ ಹುಡುಕಬೇಕಾಯಿತು. "ನಾವು ಇಷ್ಟು ವರ್ಷ ಇರುವ ಈ ದೇಶದಲ್ಲಿ ಹಾಗೆ ನೋಡಲಿಕ್ಕೆ ಬಿಡುವ ಜಾಗ ಇಲ್ಲವಾ?"

ಇದೆ. ಹಳೆಯದರಿಂದಲೇ ಶುರು ಮಾಡುತ್ತೇವೆ. ಅಬುಧಾಬಿಯ ಪಶ್ಚಿಮ ಕಡೆ ಸಮುದ್ರದಲ್ಲಿ ಸರ್ ಬನಿಯಾಸ್ ಅಂತ ದ್ವೀಪ. 1992ರಲ್ಲಿ, ಶೇಖ್ ಝಾಯೆದ್ ಅವರ ಕಾಲದಲ್ಲಿ ನಡೆದ ಸರ್ವೆಯಲ್ಲಿ, ಅಲ್ಲಿ ಹಳೇ ಕಟ್ಟಡಗಳ ಕುರುಹು ಸಿಕ್ಕಿತು. ಅಗೆದು ನೋಡಿದರೆ ಸುಮಾರು 1,400 ವರ್ಷ ಹಿಂದಿನ ಕ್ರೈಸ್ತ ಮಠ, ಒಂದು ಚರ್ಚು. ಅದು ಚರ್ಚು ಅಂತ ಖಾತ್ರಿಯಾದದ್ದು ಹೇಗೆ ಗೊತ್ತಾ? ಗಾರೆ ಕೆಲಸದಿಂದ. ಪ್ಲಾಸ್ಟರಿನಲ್ಲಿ ಮೂಡಿಸಿದ ಶಿಲುಬೆಗಳ ತುಂಡುಗಳು ಮಣ್ಣಿನಲ್ಲಿ ಸಿಕ್ಕಿದವು. ಯಾವನೋ ಗಾರೆಯವನ ಕೈಕೆಲಸ ಅಷ್ಟು ಶತಮಾನ ಕಳೆದ ಮೇಲೆ ಸಾಕ್ಷಿ ಹೇಳಿತು. 2010ರಲ್ಲಿ ಆ ಜಾಗವನ್ನು ಜನರಿಗೆ ತೆರೆದರು. 2019ರಲ್ಲಿ ಮೇಲೆ ಹೊಸ ಚಪ್ಪರ ಹಾಕಿ ಮತ್ತೆ ತೆರೆದರು. 2022ರ ನವೆಂಬರಿನಲ್ಲಿ ಉಮ್ ಅಲ್ ಕುವೈನ್‌ನ ಸಿನಿಯಾ ದ್ವೀಪದಲ್ಲೂ ಅಂಥದ್ದೇ ಇನ್ನೊಂದು ಮಠ ಸಿಕ್ಕಿದ ಸುದ್ದಿ ಬಂತು. ಆದರೆ ಸರ್ ಬನಿಯಾಸ್‌ಗೆ ದೂರದ ದಾರಿ, ಮೇಲೆ ದೋಣಿ ಪ್ರಯಾಣ. ನಮ್ಮ ಜೇಬಿಗೆ, ನಮ್ಮ ಒಂದು ದಿನದ ರಜೆಗೆ ಸರಿಹೊಂದುವುದು ಕಷ್ಟ. ಇದೆ ಅಂತ ತಿಳಿದಿರಲಿ ಅಂತ ಬರೆದೆವು.

ಹತ್ತಿರದ್ದು ಹೇಳುವುದಾದರೆ, ದುಬೈನ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚ್. ಶೇಖ್ ರಶೀದ್ ಅವರು ಕೊಟ್ಟ ಜಾಗದಲ್ಲಿ 1967ರಲ್ಲಿ ಮೊದಲ ಕಟ್ಟಡ ಎದ್ದಿತು, ಈಗಿನದ್ದು 1989ರದ್ದು. ಅಬುಧಾಬಿಯಲ್ಲಿ ಸೇಂಟ್ ಜೋಸೆಫ್ಸ್ 1965ರಲ್ಲಿ ಶುರುವಾಯಿತು. ಅಂದರೆ ಎರಡೂ 1971ರಲ್ಲಿ ಈ ದೇಶ ಒಂದುಗೂಡುವ ಮೊದಲೇ ಇದ್ದವು. ಕಿನ್ನಿಗೋಳಿ, ಶಿರ್ವ, ಕಲ್ಯಾಣಪುರದ ನಮ್ಮವರಿಗೆ ಇವು ಗೊತ್ತಿರುವ ಜಾಗಗಳೇ, ಕೊಂಕಣಿಯಲ್ಲೂ ಪೂಜೆ ನಡೆಯುತ್ತದೆ. ಬೇರೆ ಧರ್ಮದವರು ನೋಡಬೇಕೆಂದರೆ ಪೂಜೆಯ ಹೊತ್ತು ಬಿಟ್ಟು, ಗೊತ್ತಿರುವ ಗೆಳೆಯರ ಜೊತೆ ಹೋದರೆ ಒಳ್ಳೆಯದು. ಊದ್ ಮೇಥಾ ಮೆಟ್ರೋ ಸ್ಟೇಷನ್ ಹತ್ತಿರದಲ್ಲೇ ಇದೆ.

ಯಾರ ಪರಿಚಯವೂ ಬೇಡ, ನೋಡುವವರಿಗಾಗಿಯೇ ಬಾಗಿಲು ತೆರೆದ ಜಾಗ ಬೇಕು ಅಂದರೆ ಅಬುಧಾಬಿಯ ಸಾದಿಯಾತ್ ದ್ವೀಪದ ಅಬ್ರಹಾಮಿಕ್ ಫ್ಯಾಮಿಲಿ ಹೌಸ್. 2023ರ ಮಾರ್ಚ್ 1ರಂದು ಜನರಿಗೆ ತೆರೆಯಿತು. ಒಂದೇ ಅಂಗಳದಲ್ಲಿ ಮಸೀದಿ, ಚರ್ಚ್, ಯಹೂದಿಗಳ ಸಿನಗಾಗ್. ಮೂರೂ 30 ಮೀಟರಿನ ಚೌಕ ಕಟ್ಟಡಗಳು, ಒಂದು ಇನ್ನೊಂದಕ್ಕಿಂತ ದೊಡ್ಡದಲ್ಲ. ಮಸೀದಿಯ ಮುಖ ಮೆಕ್ಕಾ ಕಡೆ, ಚರ್ಚಿನದ್ದು ಸೂರ್ಯ ಹುಟ್ಟುವ ಕಡೆ, ಸಿನಗಾಗ್‌ನದ್ದು ಜೆರುಸಲೇಂ ಕಡೆ.

ಹೋದ ಚಳಿಗಾಲದಲ್ಲಿ ನಾವು ಹನ್ನೊಂದು ಜನ ಅಲ್ಲಿಗೆ ಹೋಗಿದ್ದೆವು. ಉಡುಪಿ, ಗದಗ, ರಾಯಚೂರು, ಭಟ್ಕಳ, ಎಲ್ಲ ಸೇರಿದ ತಂಡ. ಚರ್ಚಿನ ಒಳಗೆ ಹೋಗಿ ಕೂರಬಹುದಾ ಅಂತ ಭಟ್ಕಳದ ಭಾಯಿ ಬಾಗಿಲಲ್ಲೇ ಅನುಮಾನಿಸಿದರು. ಮಸೀದಿಯ ಬಾಗಿಲಲ್ಲಿ ಗದಗದ ಕಾಕಾ ಅದೇ ಅನುಮಾನ ಮಾಡಿದರು. ಅಲ್ಲಿಯ ಗೈಡ್ ಹುಡುಗಿ ಇಬ್ಬರಿಗೂ ನಗುತ್ತಾ "ಬನ್ನಿ, ಕೂತ್ಕೊಳ್ಳಿ" ಅಂತ ಸನ್ನೆ ಮಾಡಿದಳು. ವಾಪಸು ಬಸ್ಸಿನಲ್ಲಿ ಕಾಕಾ ಅಂದದ್ದು: "ಯಪ್ಪಾ, ಗೋಡೆ ಫಿನಿಶಿಂಗ್ ಏನ್ ಮಾಡ್ಯಾರಪ್ಪಾ! ಒಂದು ಜೋಡಣಿ ಕಾಣಾಂಗಿಲ್ಲ." ನಮ್ಮವರ ಕಣ್ಣು ಎಲ್ಲಿಗೆ ಹೋದರೂ ಕೆಲಸವನ್ನೇ ನೋಡುತ್ತದೆ. ಅದು ಕಡಿಮೆ ಮಾತಲ್ಲ. ನೋಡಲಿಕ್ಕೆ ಬರುವವರಲ್ಲಿ ಎಷ್ಟು ಜನರಿಗೆ ಆ ಕಣ್ಣು ಇರುತ್ತದೆ?

ಇವಲ್ಲದೆ, ಶೇಖ್ ಝಾಯೆದ್ ಗ್ರ್ಯಾಂಡ್ ಮಸೀದಿ, 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಅಬುಧಾಬಿಯ ಬಿಎಪಿಎಸ್ ಮಂದಿರ, ಜಬಲ್ ಅಲಿಯ ಗುರುದ್ವಾರ ಮತ್ತು ದೇವಸ್ಥಾನ, ಇವೂ ಎಲ್ಲ ಧರ್ಮದವರಿಗೆ ತೆರೆದ ಜಾಗಗಳು.

ಹೋಗುವ ಮೊದಲು

• ಮೊಬೈಲಿನಲ್ಲಿ ಮೊದಲೇ ಹೆಸರು ನೋಂದಾಯಿಸಿ. ಫ್ಯಾಮಿಲಿ ಹೌಸ್, ಗ್ರ್ಯಾಂಡ್ ಮಸೀದಿ ಎರಡಕ್ಕೂ ಸ್ಲಾಟ್ ಹಿಡಿಯುವ ಪದ್ಧತಿ. ಅದು ಬಾರದಿದ್ದರೆ ರೂಮಿನ ಹುಡುಗರಿಗೆ ಹೇಳಿ, ಐದು ನಿಮಿಷದ ಕೆಲಸ. ಸಮಯ ಬದಲಾಗುತ್ತಿರುತ್ತದೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

• ಎಮಿರೇಟ್ಸ್ ಐಡಿ ಜೊತೆಗಿರಲಿ.

• ಉದ್ದ ಪ್ಯಾಂಟು, ತೋಳಿರುವ ಅಂಗಿ. ಒಂದು ಕಡೆ ಬರ್ಮುಡಾ ಹಾಕಿದ್ದ ನಮ್ಮ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿದರು. ಇವನನ್ನು ಲೇಬರ್ ಅಂತ ನಿಲ್ಲಿಸಿದ್ದು ಅಂದುಕೊಂಡು ಪಾಪ ತುಂಬ ಬೇಜಾರು ಮಾಡಿಕೊಂಡ. ಅದೇ ಹೊತ್ತಿಗೆ ಬರ್ಮುಡಾ ಹಾಕಿದ್ದ ಒಬ್ಬ ಬಿಳಿ ಟೂರಿಸ್ಟನನ್ನೂ ಅಲ್ಲೇ ನಿಲ್ಲಿಸಿದ್ದರು. ನಿಯಮ ಎಲ್ಲರಿಗೂ ಒಂದೇ.

• ದುಬೈಯಿಂದ ಅಬುಧಾಬಿಗೆ ಅಲ್ ಗುಬೈಬಾದಿಂದ ಇ100, ಇಬ್ನ್ ಬತೂತಾದಿಂದ ಇ101 ಬಸ್ಸು. ನೋಲ್ ಕಾರ್ಡಿನಲ್ಲಿ ಹೋಗಿ ಬರುವಷ್ಟು ಹಣ ಇರಲಿ. ಟ್ಯಾಕ್ಸಿಯ ಆಸೆಗೆ ಬೀಳಬೇಡಿ.

• ಯಾರದ್ದೂ ಫೋಟೋ ಅವರನ್ನು ಕೇಳದೆ ತೆಗೆಯಬೇಡಿ. ಇಲ್ಲಿ ಅದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಕಾನೂನಿನ ಪ್ರಶ್ನೆ.

• ತಂಡ ಕಟ್ಟಿಕೊಂಡು ಹೋಗುವುದು ಸರಿ. ಆದರೆ ದೇವಸ್ಥಾನದ ಹೆಸರಲ್ಲೋ ಚರ್ಚಿನ ಹೆಸರಲ್ಲೋ ಚಂದಾ ಎತ್ತಬೇಡಿ, ಧರ್ಮದ ಕರಪತ್ರ ಹಂಚಬೇಡಿ. ಅನುಮತಿ ಇಲ್ಲದೆ ಹಣ ಸಂಗ್ರಹಿಸುವುದು ಇಲ್ಲಿ ಅಪರಾಧ. ಒಳ್ಳೇ ಮನಸ್ಸಿಂದ ಮಾಡಿದೆ ಅಂದರೂ ನಡೆಯುವುದಿಲ್ಲ.

ಊರಿಗೆ ಹೋಗುವವರಿಗೆ

ದೀಪಾವಳಿಗೆ, ಕ್ರಿಸ್ಮಸ್‌ಗೆ ರಜೆ ಹಾಕಿದವರು ತುಂಬ ಜನ ಇದ್ದೀರಿ. ಕರಾವಳಿಯವರು ಅಲೋಶಿಯಸ್ ಚಾಪೆಲ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಕಾಲೇಜಿನ ಆವರಣದಲ್ಲೇ 1913ರಲ್ಲಿ ಶುರುವಾದ ಅಲೋಸಿಯಂ ಮ್ಯೂಸಿಯಂ ಉಂಟು, ಮಕ್ಕಳಿಗೆ ಖುಷಿಯಾಗುತ್ತದೆ. ಚಾಪೆಲ್ ಒಳಗೆ ಫೋಟೋಗೆ ಅವಕಾಶ ಇಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಕಣ್ಣಲ್ಲೇ ನೋಡಬೇಕಾಗುತ್ತದೆ. ಪೂಜೆ, ಮದುವೆ ಇರುವ ಹೊತ್ತಿಗೆ ನೋಡಲು ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಹಳೇ ಮೈಸೂರು ಕಡೆಯವರಿಗೆ ಮೈಸೂರಿನ ಸೇಂಟ್ ಫಿಲೋಮಿನಾ ಇದೆ. ಹಾಸನದವರಿಗೆ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಚರ್ಚು ಇದೆ. ಉತ್ತರ ಕರ್ನಾಟಕದವರು ಬೀದರಿನ ಮದರಸಾ, ವಿಜಯಪುರದ ಗೋಳಗುಮ್ಮಟ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಚರ್ಚೇ ಆಗಬೇಕು ಅಂತ ನಾವು ಹೇಳುತ್ತಿಲ್ಲ. ಯಾರೋ ಕೈಯಾರೆ ಕಟ್ಟಿದ, ಎಲ್ಲರಿಗೂ ಬಾಗಿಲು ತೆರೆದ ಜಾಗ ಸಾಕು.

ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಗಾರೆಯವರು ಗೋಡೆ ತೋರಿಸಿ, ಬಡಗಿಯವರು ಬಾಗಿಲು ತೋರಿಸಿ, ಪೇಂಟರು ಮಾಡು ತೋರಿಸಿ ಹೇಳಿ: ಅಪ್ಪ ಅಲ್ಲಿ ಮಾಡುವುದು ಇಂಥ ಕೆಲಸ, ಇಂತಿಂಥ ಕಟ್ಟಡದಲ್ಲಿ ಅಪ್ಪನ ಕೈ ಉಂಟು ಅಂತ. ಬೇಸರದ ಕಥೆಯಾಗಿ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ. ಇಲ್ಲಿಯ ಯಾವ ಕಟ್ಟಡದ ಮೇಲೂ ನಮ್ಮ ಹೆಸರು ಬರೆದಿಲ್ಲ. ನಮ್ಮ ಮಕ್ಕಳಿಗಾದರೂ ಗೊತ್ತಿರಲಿ.

ಮುಂದಿನ ತಿಂಗಳ ಎರಡನೇ ಭಾನುವಾರ ಮತ್ತೊಮ್ಮೆ ಸಾದಿಯಾತ್‌ಗೆ ಹೊರಡುವ ಯೋಚನೆ ಇದೆ. ಖರ್ಚು ಅವರವರದ್ದೇ, ಊಟ ಎಲ್ಲರೂ ಕಟ್ಟಿಕೊಂಡು ಬಂದು ಹಂಚಿಕೊಳ್ಳುವುದು. ಬರುವವರು ನಿಮ್ಮ ಕ್ಯಾಂಪಿನಲ್ಲಿ ಈ ಪತ್ರಿಕೆ ತಂದುಕೊಡುವವರ ಹತ್ತಿರ ಹೆಸರು ಹೇಳಿ. ಶುಕ್ರವಾರ ಮಾತ್ರ ರಜೆ ಇರುವವರು ಐದಾರು ಜನ ಸೇರಿದರೆ ಅವರಿಗೆ ಬೇರೆ ದಿನ ಇಟ್ಟುಕೊಳ್ಳೋಣ.

ಅಣ್ಣನೂ ಬರುತ್ತಾರೆ. ಈ ಸಲ ಗೇಟಿನ ಹತ್ತಿರ ನಿಲ್ಲುವುದಿಲ್ಲ ಅಂದಿದ್ದಾರೆ.